ಬಸಿಹಳ್ಳದ ಮುರಗೋಡಿಗೆ ಅಡುಗೆಮನೆಯ ಎರೆ

13 ಅಕ್ಟೋಬರ್ 2024, ಭಾನುವಾರ
ಗಂಗಾವತಿ

ನವರಾತ್ರಿಯ ವ್ರತ ನಿನ್ನೆಗೆ ಮುಗಿದಿದ್ದರಿಂದ ಇಂದು ಮನೆಯಲ್ಲಿ ಮೀನಿನ ಮಾತು ಎದ್ದಿತು. ಸಂಜೆ ನಾನೂ ಕಾಕಾನೂ ಗಾಳ ಹಿಡಿದು ಗದ್ದೆಗಳ ಬಸಿನೀರು ಸೇರುವ ಹಳ್ಳಕ್ಕೆ ಹೋದೆವು. ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರೆಯ ಪಾತ್ರ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶವಾಗಿರುವುದರಿಂದ ಹೊಳೆಯ ಕಡೆ ತಲೆ ಹಾಕಲಿಲ್ಲ.

ಎಡದಂಡೆ ಕಾಲುವೆಯ ನೀರು ಭತ್ತದ ಗದ್ದೆಗಳನ್ನು ದಾಟಿ ಹಳ್ಳಕ್ಕೆ ಇಳಿಯುವಷ್ಟರಲ್ಲಿ ಚಹಾದಂತೆ ಕದಡಿರುತ್ತದೆ. ಕಣ್ಣನ್ನು ನಂಬಿ ಬದುಕುವ ಮೀನಿಗೆ ಅದು ಕಷ್ಟ, ಕ್ಯಾಟ್‌ಫಿಶ್ ಜಾತಿಯ ಮುರಗೋಡಿಗೆ ಅದೇ ಅನುಕೂಲ. ಅದರ ನಾಲ್ಕು ಜೊತೆ ಮೀಸೆಗಳಲ್ಲಷ್ಟೇ ಅಲ್ಲದೆ ಮೈಚರ್ಮದ ಮೇಲೂ ರುಚಿಮೊಗ್ಗುಗಳಿದ್ದು, ಮಾಂಸದಿಂದ ನೀರಿಗೆ ಕರಗಿ ಬರುವ ಅಮೈನೊ ಆಮ್ಲಗಳ ಜಾಡು ಹಿಡಿದು ಕತ್ತಲಲ್ಲೂ ಅದು ಆಹಾರದ ಬಳಿಗೆ ಬರುತ್ತದೆ. ಆದ್ದರಿಂದ ಎರೆ ನೋಡಲು ಹೇಗಿದೆ ಎಂಬುದಕ್ಕಿಂತ ನೀರಿನಲ್ಲಿ ಎಷ್ಟು ಬಿಟ್ಟುಕೊಳ್ಳುತ್ತದೆ ಎಂಬುದೇ ಮುಖ್ಯ.

ಎರೆಗೆಂದು ನಾನು ಸಾಬೂನಿನ ತುಂಡನ್ನು ತೆಗೆದಾಗ ಕಾಕಾ ನಕ್ಕರು: "ಸಾಬೂನು ಹಾಕಿದ್ರ ಮೀನ ಜಳಕಾ ಮಾಡಿ ಹೊಕ್ಕಾವ ನೋಡಪಾ." ಆದರೆ ಅಮೆರಿಕದಲ್ಲಿ ಕ್ಯಾಟ್‌ಫಿಶ್ ಹಿಡಿಯುವವರು ಬಟ್ಟೆ ಸಾಬೂನನ್ನು ಎರೆಯಾಗಿ ಬಳಸುವುದು ಹಳೆಯ ರೂಢಿ. ಪ್ರಾಣಿಯ ಕೊಬ್ಬಿನಿಂದ ಮಾಡಿದ ಸಾಬೂನು ಮೆಲ್ಲನೆ ಕರಗುತ್ತ ಕೊಬ್ಬಿನ ವಾಸನೆಯನ್ನು ಹರಡುತ್ತದೆ. ನಮ್ಮ ಅಂಗಡಿಯ ಸಾಬೂನುಗಳು ಹೆಚ್ಚಾಗಿ ತಾಳೆ ಎಣ್ಣೆಯವು. ಡಿಟರ್ಜೆಂಟ್ ಬಿಲ್ಲೆಯಂತೂ ಸಾಬೂನೇ ಅಲ್ಲ, ಮೀನಿನ ಕಿವಿರಿಗೆ ಹಾನಿ ಮಾಡುವ ಅದನ್ನು ನೀರಿಗಿಡಲೇಬಾರದು. ಇಂದು ಕೊಂಡಿಗೆ ಚುಚ್ಚಿದ ತುಂಡು ಮೂಲೆ ಸವೆದು, ನುಣ್ಣಗಾಗಿ ಮರಳಿತೇ ಹೊರತು ಬೆಂಡು ಅಲುಗಲಿಲ್ಲ. ಈ ವಿಷಯದಲ್ಲಿ ನಾನು ಕಾಕಾನ ಪಕ್ಷ.

ಎರೆಯಾಗಿ ಕೋಳಿ ಲಿವರ್‌ನ ಗುಣದ ಬಗ್ಗೆ ತಕರಾರಿಲ್ಲ. ತೊಂದರೆ ಇರುವುದು ಅದರ ಮೆದುತನದಲ್ಲಿ: ಗಾಳ ಬೀಸಿದ ರಭಸಕ್ಕೇ ಕಳಚಿ ಬೀಳುತ್ತದೆ. ಮುಂಜಾನೆಯೇ ಅದನ್ನು ಹೆಬ್ಬೆರಳಿನ ಗಾತ್ರಕ್ಕೆ ಕತ್ತರಿಸಿ, ಹರಳುಪ್ಪು ಸವರಿ, ನೀರು ಬಸಿದುಹೋಗಲು ಜರಡಿಯಲ್ಲಿಟ್ಟಿದ್ದೆ. ಸಂಜೆಯ ಹೊತ್ತಿಗೆ ಹೊರಮೈ ಚರ್ಮದಂತೆ ಬಿಗಿದಿತ್ತು. ಜೊತೆಗೆ ಹಳೆಯ ಸೊಳ್ಳೆಪರದೆಯ ಚೂರಿನಲ್ಲಿ ಸುತ್ತಿ, ದಾರದಿಂದ ಬಿಗಿದು ಕೊಂಡಿಗೆ ಸಿಕ್ಕಿಸಿದರೆ ವಾಸನೆ ಪರದೆಯ ಕಣ್ಣುಗಳ ಮೂಲಕ ಹೊರಬರುತ್ತದೆ, ತುಂಡು ಮಾತ್ರ ಜಾರುವುದಿಲ್ಲ. ಕತ್ತಲಾದ ಮೇಲೆ ಸಿಕ್ಕ ದೊಡ್ಡ ಮುರಗೋಡು ಇದಕ್ಕೇ ಬಿದ್ದದ್ದು.

ಮಾಂಸ ಮುಟ್ಟದ ಮನೆಯವರಿಗೆ ಶೇಂಗಾ ಹಿಂಡಿ ಮತ್ತು ಜೋಳದ ಹಿಟ್ಟಿನ ಉಂಡೆ ಇದೆ, ಆದರೆ ಅದಕ್ಕೆ ಹೆಚ್ಚಾಗಿ ಬರುವುದು ಕೆಂಡೆ ಜಾತಿಯ ಮೀನುಗಳು. ಅದೇ ಹಿಟ್ಟಿಗೆ ಒಣ ಸೀಗಡಿಯ ಪುಡಿಯನ್ನೂ ಜಜ್ಜಿದ ಬೆಳ್ಳುಳ್ಳಿಯನ್ನೂ ಕಲಸಿದಾಗ ಚೇಳುಮೀನು ಬಂತು. ಅದನ್ನು ಕೊಂಡಿಯಿಂದ ಬಿಡಿಸುವಾಗ ಒದ್ದೆ ಬಟ್ಟೆಯಿಂದ ತಲೆಯ ಹಿಂಭಾಗವನ್ನು ಅದುಮಿ ಹಿಡಿಯಬೇಕು, ಏಕೆಂದರೆ ಎದೆಯ ಈಜುರೆಕ್ಕೆಗಳ ಮುಳ್ಳುಗಳಲ್ಲಿ ವಿಷವಿದೆ. ಚುಚ್ಚಿಸಿಕೊಂಡರೆ ಆ ಭಾಗವನ್ನು ಸಹಿಸುವಷ್ಟು ಬಿಸಿಯಾದ ನೀರಿನಲ್ಲಿ ಅದ್ದಿಟ್ಟಾಗ ನೋವು ಇಳಿಯುತ್ತದೆ. ಊತ ಏರಿದರೆ ಆಸ್ಪತ್ರೆಗೆ ಹೋಗಲೇಬೇಕು.