ಬೆಲ್ಟಿನ ಮೇಲಿನ ಆ ಒಂದು ಪದ

“ಅಲ್ಲ ಮಾರಾಯ, 2010ರಲ್ಲಿ ಮಾಡಿಸಿದ ಬೆಲ್ಟಿಗೆ ‘ಐತಿಹಾಸಿಕ’ ಅಂತ ಹೆಸರಿಟ್ಟಿದ್ದಾರಲ್ಲ, ಇದ್ಯಾವ ಲೆಕ್ಕ?”

ಕಳೆದ ಶನಿವಾರ ಬೆಳಿಗ್ಗೆ ಗೆಳೆಯ ಕೇಳಿದ ಈ ಪ್ರಶ್ನೆ ವಾರ ಕಳೆದರೂ ತಲೆಯಿಂದ ಇಳಿದಿಲ್ಲ. ಮೆಕ್ಸಿಕೊ ನಗರದ ಅರೆನಾ ಮೆಹಿಕೊದಲ್ಲಿ ಶುಕ್ರವಾರ ರಾತ್ರಿ ಎಂಟೂವರೆ ಎಂದರೆ ನಮ್ಮಲ್ಲಿ ಶನಿವಾರ ಬೆಳಿಗ್ಗೆ ಎಂಟು ಗಂಟೆ. ಲೂಚಾ ಲಿಬ್ರೆ, ಅಂದರೆ ಮೆಕ್ಸಿಕೊದ ಮುಖವಾಡದ ವೃತ್ತಿಪರ ಕುಸ್ತಿ, ನೋಡುವವರಿಗೆ ಅದು ಕಾಫಿ ಹೊತ್ತು. ತೆರೆಯ ಮೇಲೆ ‘ಎನ್‌ಡಬ್ಲ್ಯುಎ ವಿಶ್ವ ಐತಿಹಾಸಿಕ ವೆಲ್ಟರ್‌ವೈಟ್ ಪಟ್ಟ’ ಎಂಬ ಉದ್ದನೆಯ ಹೆಸರು ಬಂತು. ವೆಲ್ಟರ್‌ವೈಟ್ ಎಂದರೆ ಒಂದು ತೂಕದ ವರ್ಗ. ಗೆಳೆಯನ ಕಣ್ಣು ಆ ‘ಇಸ್ತೋರಿಕೊ’, ಅಂದರೆ ‘ಐತಿಹಾಸಿಕ’, ಎಂಬ ಪದದ ಮೇಲೆಯೇ ನಿಂತಿತು. “ಬೆಲ್ಟು 2010ರದ್ದು, ಪಟ್ಟ 1946ರದ್ದು” ಎಂದೆ. “ಹೆಸರೇ ಬದಲಾದ ಮೇಲೆ ಅದೇ ಪಟ್ಟ ಹೇಗಾಗುತ್ತೆ?” ಎಂದು ಲೋಟ ಕೆಳಗಿಟ್ಟು ಎದ್ದು ಹೋದ.

ಅವನು ಹಟಕ್ಕೆ ಕೇಳಿದ್ದಲ್ಲ. ದಿನವಿಡೀ ಪಹಣಿ, ಮ್ಯುಟೇಶನ್ ಕಾಗದಗಳ ನಡುವೆ ಕೂತು ಕೆಲಸ ಮಾಡುವ ಮನುಷ್ಯ. ಕಾಗದದಲ್ಲಿ ಏನಿದೆಯೋ ಅದೇ ಅವನಿಗೆ ಸತ್ಯ. ಅಂಥವರ ಪ್ರಶ್ನೆಗೆ ಅಭಿಮಾನದ ಉತ್ತರ ಕೊಟ್ಟರೆ ಆಗದು, ದಾಖಲೆ ತೋರಿಸಬೇಕು.

ಮೊದಲಿಗೆ ಆ ಮೂರು ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿಕೊಳ್ಳಬೇಕು. ಇಲ್ಲಿ ಎಡವದ ಪಟ್ಟಿಗಾರನೇ ಇಲ್ಲ. ಎನ್‌ಡಬ್ಲ್ಯುಎ ಹೆಸರಿನಲ್ಲಿ ಅಮೆರಿಕದಲ್ಲಿ ಎರಡು ಬೇರೆ ಬೇರೆ ಸಂಸ್ಥೆಗಳಿದ್ದವು. ಹಳೆಯದು ನ್ಯಾಷನಲ್ ರೆಸ್ಲಿಂಗ್ ಅಸೋಸಿಯೇಷನ್. ಇನ್ನೊಂದು 1948ರ ಜುಲೈನಲ್ಲಿ ಅಯೋವಾ ರಾಜ್ಯದ ವಾಟರ್ಲೂ ಊರಲ್ಲಿ ಕುಸ್ತಿ ನಡೆಸುವ ಕೆಲವರು ಸೇರಿ ಕಟ್ಟಿದ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್. ಇವತ್ತು ಎನ್‌ಡಬ್ಲ್ಯುಎ ಎಂದ ಕೂಡಲೇ ಎಲ್ಲರ ಮನಸ್ಸಿಗೆ ಬರುವುದು ಈ ಎರಡನೆಯದು. ಆದರೆ ಮೆಕ್ಸಿಕೊದ ಮುಖವಾಡದ ಕುಸ್ತಿಪಟು ಎಲ್ ಸಾಂತೊ ಪೀಟ್ ಪ್ಯಾನ್‌ಕಾಫ್‌ನನ್ನು ಮಣಿಸಿ ವಿಶ್ವ ವೆಲ್ಟರ್‌ವೈಟ್ ಪಟ್ಟ ಕಟ್ಟಿಸಿಕೊಂಡದ್ದು 1946ರಲ್ಲಿ. ಅಂದರೆ ಮುಂದೆ ತನ್ನ ಹೆಸರು ಹಚ್ಚಿದ ಅಲಯನ್ಸ್‌ಗಿಂತ ಈ ಪಟ್ಟವೇ ಎರಡು ವರ್ಷ ಹಿರಿದು. ಮೆಕ್ಸಿಕೊದ ಕಂಪನಿ 1950ರ ದಶಕದಲ್ಲಿ ಅಲಯನ್ಸ್ ಸೇರಿತು, ಆಗ ಅದರ ಅಕ್ಷರಗಳು ಪಟ್ಟದ ಮುಂದೆ ಬಂದು ಕೂತವು. ಗೆಳೆಯನಿಗೆ ಇದನ್ನೇ ಮೊದಲು ಹೇಳಬೇಕಿತ್ತು. ಹೆಸರು ಬದಲಾದದ್ದು 2010ರಲ್ಲಿ ಮಾತ್ರ ಅಲ್ಲ, ಅದಕ್ಕೂ ಅರ್ಧ ಶತಮಾನ ಹಿಂದೆ ಒಂದು ಸಲ ಬದಲಾಗಿತ್ತು. ಆಗ ಇದು ಬೇರೆ ಪಟ್ಟ ಎಂದವರು ಯಾರೂ ಇರಲಿಲ್ಲ.

ಆ ಕಂಪನಿಯನ್ನು ಸಾಲ್ವದೋರ್ ಲುತ್ತೆರೋತ್ ಶುರು ಮಾಡಿದ್ದು 1933ರ ಸೆಪ್ಟೆಂಬರ್ 21ರಂದು. ಹೆಸರು ಎಂಪ್ರೆಸಾ ಮೆಹಿಕಾನಾ ದೆ ಲೂಚಾ ಲಿಬ್ರೆ. ಇವತ್ತಿಗೂ ಬಾಗಿಲು ತೆರೆದಿರುವ ಕುಸ್ತಿ ಕಂಪನಿಗಳಲ್ಲಿ ಜಗತ್ತಿನಲ್ಲೇ ಹಳೆಯದು ಇದು. 1990ರ ದಶಕದ ಆರಂಭದಲ್ಲಿ ಸಿಎಂಎಲ್‌ಎಲ್ ಎಂದು ಹೆಸರು ಬದಲಿಸಿಕೊಂಡಿತು. ಕಂಪನಿಯ ಹೆಸರು ಬದಲಾದರೂ 1933ರಿಂದಲೇ ವಾರ್ಷಿಕೋತ್ಸವ ಎಣಿಸುತ್ತಾರೆ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

ಈ ಪಟ್ಟ ಎಷ್ಟು ತೂಕದ್ದು ಎಂದು ತಿಳಿಯಬೇಕಾದರೆ 1952ಕ್ಕೆ ಹೋಗಬೇಕು. ಆ ವರ್ಷದ ನವೆಂಬರ್ 7ರಂದು ಅರೆನಾ ಕೊಲಿಸೇಯೊದಲ್ಲಿ ಮುಖವಾಡಕ್ಕೆ ಮುಖವಾಡ ಪಣವಿಟ್ಟು ಸಾಂತೊ ಮತ್ತು ಬ್ಲ್ಯಾಕ್ ಶ್ಯಾಡೋ ಸೆಣಸಿದರು. ಸೋತ ಬ್ಲ್ಯಾಕ್ ಶ್ಯಾಡೋ ಎಲ್ಲರೆದುರು ಮುಖವಾಡ ಕಳಚಬೇಕಾಯಿತು. ಅವನ ಜೋಡಿದಾರ ಬ್ಲೂ ಡೀಮನ್. ಆ ಅವಮಾನದ ಸೇಡು ಅವನ ಹೆಗಲಿಗೆ ಬಿತ್ತು. ಮರುವರ್ಷ, 1953ರಲ್ಲಿ, ಸಾಂತೊನಿಂದ ವಿಶ್ವ ವೆಲ್ಟರ್‌ವೈಟ್ ಪಟ್ಟ ಕಿತ್ತುಕೊಂಡ. ಮೆಕ್ಸಿಕೊದಲ್ಲಿ ಪಟ್ಟಕ್ಕಿಂತ ಮುಖವಾಡ ದೊಡ್ಡದು ಎನ್ನುವ ಮಾತು ಎಲ್ಲರಿಗೂ ಗೊತ್ತು, ನಿಜವೂ ಹೌದು. ಪಣದ ಕುಸ್ತಿಗೆ ಸೇರುವಷ್ಟು ಜನ ಪಟ್ಟದ ಕುಸ್ತಿಗೆ ಸೇರುವುದಿಲ್ಲ. ಆದರೆ ಮುಖವಾಡ ಒಮ್ಮೆ ಹೋದರೆ ಹೋಯಿತು, ಆ ಕಥೆ ಅಲ್ಲಿಗೇ ಮುಗಿಯುತ್ತದೆ. ಪಟ್ಟ ಹಾಗಲ್ಲ, ಇನ್ನೊಬ್ಬನ ನಡುವಿಗೆ ಹೋಗಿ ಮುಂದುವರಿಯುತ್ತದೆ. ಬ್ಲೂ ಡೀಮನ್ ಐದು ವರ್ಷ ಇಟ್ಟುಕೊಂಡು 1958ರಲ್ಲಿ ಕಾರ್ಲೋಫ್ ಲಗಾರ್ದೆಗೆ ಸೋತ. ಲಗಾರ್ದೆ ಅದನ್ನು ಏಳು ವರ್ಷದ ಹತ್ತಿರ ಬಿಟ್ಟುಕೊಡಲಿಲ್ಲ. ಮುಂದೆ ಅದು ಉರಕಾನ್ ರಾಮಿರೆಸ್ ಕೈಗೆ ಬಂತು. ಕಾಲುಗಳಿಂದ ಎದುರಾಳಿಯ ಕತ್ತು ಹಿಡಿದು ತಿರುಗಿಸಿ ಕೆಡವುವ ‘ಉರಕಾನ್‌ರಾನಾ’ ವರಸೆಗೆ ಹೆಸರು ಬಂದದ್ದು ಇವನಿಂದಲೇ.

ಪಟ್ಟದ ಕುಸ್ತಿಯ ರೀತಿಯೇ ಬೇರೆ. ಮೂರರಲ್ಲಿ ಎರಡು ಸುತ್ತು ಗೆಲ್ಲಬೇಕು, ಸಮಯದ ಮಿತಿ ಇಲ್ಲ. ಇಬ್ಬರಿಗೂ ಮೂಲೆಯಲ್ಲಿ ಒಬ್ಬೊಬ್ಬ ಸಹಾಯಕ. ಬೇರೆ ದಿನ ಕಚ್ಚಿ, ಪರಚಿ, ಮುಖವಾಡ ಹರಿದು ಮೆರೆಯುವ ‘ರೂದೊ’ ಕೂಡ ಪಟ್ಟದ ದಿನ ನೆಲದ ಕುಸ್ತಿಗೆ ಇಳಿಯುತ್ತಾನೆ, ಕೈ ತಿರುವಿ, ಕಾಲು ಮಡಚಿ, ಬೀಗ ಹಾಕುತ್ತಾನೆ. ಸೊಂಟದ ಕೆಳಗೆ ಹೊಡೆದರೆ, ಎದುರಾಳಿಯ ಮುಖವಾಡ ಕಿತ್ತರೆ, ತಲೆ ನೆಲಕ್ಕೆ ಕುಟ್ಟುವ ‘ಮಾರ್ತಿನೇತೆ’ ಹಾಕಿದರೆ ಆ ಸುತ್ತು ಕೈಬಿಟ್ಟಂತೆ. ಗಂಟೆ ಹೊಡೆಯುವ ಮೊದಲು ಪಟ್ಟದವನು ಬೆಲ್ಟು ಬಿಚ್ಚಿ ರೆಫರಿ ಕೈಗೆ ಕೊಡುತ್ತಾನೆ. ರೆಫರಿ ಅದನ್ನು ಎರಡು ಕೈಯಲ್ಲೂ ತಲೆಯ ಮೇಲೆತ್ತಿ ನಾಲ್ಕು ದಿಕ್ಕಿಗೂ ತಿರುಗಿ ತೋರಿಸುತ್ತಾನೆ. ಆ ಅರ್ಧ ನಿಮಿಷ ಬೆಲ್ಟು ಯಾರದ್ದೂ ಅಲ್ಲ. ಬಿಚ್ಚಿದವನ ನಡು ಖಾಲಿ, ಕಾಯುತ್ತಿರುವವನ ನಡುವೂ ಖಾಲಿ, ಚರ್ಮದ ಪಟ್ಟಿ ಮಾತ್ರ ದೀಪದ ಬೆಳಕಿನಲ್ಲಿ ಮೇಲೆ. ಗೆಳೆಯ ಆ ಪ್ರಶ್ನೆ ಕೇಳಿದ್ದು ಸರಿಯಾಗಿ ಆ ಹೊತ್ತಿಗೆ. ಅದಕ್ಕೇ ಇರಬೇಕು, ಆ ದೃಶ್ಯ, ಅವನ ದನಿ ಎರಡೂ ಒಟ್ಟಿಗೇ ನೆನಪಾಗುತ್ತವೆ.

ನಮ್ಮ ಭಾಷೆಯಲ್ಲಿ ಇದು ಎಷ್ಟು ಚೆನ್ನಾಗಿ ಬಿಡಿಸಿಕೊಳ್ಳುತ್ತದೆ ನೋಡಿ. ಗೆದ್ದದ್ದು ಪಟ್ಟ. ನಡುವಿಗೆ ಕಟ್ಟಿದ್ದು ಪಟ್ಟಿ. ಗೆದ್ದವರ ಹೆಸರು ಒಂದರ ಕೆಳಗೊಂದು ಬರೆದದ್ದೂ ಪಟ್ಟಿಯೇ. ಚರ್ಮದ ಪಟ್ಟಿ ಸವೆಯುತ್ತದೆ, ಕಳೆಯುತ್ತದೆ, ಹೊಸದು ಮಾಡಿಸಬಹುದು. ಹೆಸರಿನ ಪಟ್ಟಿ ತಪ್ಪಿದರೆ ಪಟ್ಟವೇ ತಪ್ಪಿದಂತೆ.

ಹೆಸರಿನ ಪಟ್ಟಿ ತಪ್ಪುವುದು ಬಹಳ ಸುಲಭ. 1950ರ ದಶಕದಿಂದ ಹಲವು ದಶಕ ಮೆಕ್ಸಿಕೊ ರಾಜಧಾನಿಯ ಟಿವಿಯಲ್ಲಿ ಕುಸ್ತಿಗೆ ಜಾಗ ಇರಲಿಲ್ಲ, ಹಾಗಾಗಿ ನೋಡಿ ಖಾತ್ರಿ ಮಾಡಿಕೊಳ್ಳಲು ಚಿತ್ರವಿಲ್ಲ. ಇರುವುದು ಗೋಡೆಗೆ ಅಂಟಿಸಿದ ಪೋಸ್ಟರುಗಳು, ಪತ್ರಿಕೆಗಳ ವರದಿಗಳು. ಪೋಸ್ಟರು ಏನು ನಡೆಯಬೇಕಿತ್ತು ಎಂದು ಹೇಳುತ್ತದೆ, ಏನು ನಡೆಯಿತು ಎಂದಲ್ಲ. ವಾರಪತ್ರಿಕೆಯ ಮುಖಪುಟದ ತಾರೀಖನ್ನೇ ಕುಸ್ತಿಯ ತಾರೀಖು ಎಂದು ಬರೆದುಕೊಂಡವರು ಏಳೆಂಟು ದಿನ ಮುಂದೆ ಹೋಗುತ್ತಾರೆ. ಪ್ರತಿ ಸಾಲಿಗೆ ನಾಲ್ಕು ಸಂಗತಿ ಬೇಕೇ ಬೇಕು: ಯಾರು, ಯಾರಿಂದ, ಯಾವ ದಿನ, ಯಾವ ಊರ ಯಾವ ಅಂಗಳದಲ್ಲಿ. ‘ಯಾರಿಂದ’ ಎನ್ನುವುದು ಹಿಂದಿನ ಸಾಲಿನ ‘ಯಾರು’ಗೆ ತಾಳೆಯಾಗಬೇಕು. ಆಗದಿದ್ದರೆ ನಡುವೆ ಒಂದು ಸಾಲು ಬಿಟ್ಟುಹೋಗಿದೆ, ಇಲ್ಲವೇ ಪಟ್ಟ ಖಾಲಿ ಬಿದ್ದಿತ್ತು ಎಂದರ್ಥ.

ಇದಕ್ಕಿಂತ ದೊಡ್ಡ ತೊಡಕು ಹೆಸರಿನದು. ಮಿಸ್ತಿಕೊ ಎಂಬ ಹೆಸರು ತೆಗೆದುಕೊಳ್ಳಿ. 2011ರಲ್ಲಿ ಆ ಹೆಸರಿನವನು ಅಮೆರಿಕಕ್ಕೆ ಹೋದ. ಮೆಕ್ಸಿಕೊದಲ್ಲಿ ಅದೇ ಹೆಸರನ್ನು, ಅದೇ ಬಗೆಯ ಮುಖವಾಡವನ್ನು ಇನ್ನೊಬ್ಬನಿಗೆ ಕೊಟ್ಟರು. ಮೊದಲಿನವನು ಮರಳಿ ಬಂದು ಕಾರಿಸ್ತಿಕೊ ಎಂದಾದ, 2021ರಲ್ಲಿ ಹಳೆಯ ಹೆಸರು ಮತ್ತೆ ಅವನಿಗೇ ಸಿಕ್ಕಿತು. ಹಾಗಾಗಿ ಯಾವ ಪಟ್ಟಿಯಲ್ಲಾದರೂ ಮಿಸ್ತಿಕೊ ಎಂದು ಕಂಡರೆ ವರ್ಷ ನೋಡದೆ ಮುಂದೆ ಹೋಗಬಾರದು. ಹೆಸರು ಒಂದೇ, ಮನುಷ್ಯರು ಇಬ್ಬರು.

ಮತ್ತೊಂದು, ಪಟ್ಟದವನು ಕಂಪನಿ ಬಿಟ್ಟು ಹೋಗುವುದು. 1992ರಲ್ಲಿ ಅಂತೋನಿಯೊ ಪೆನ್ಯಾ ಸಿಎಂಎಲ್‌ಎಲ್‌ನಿಂದ ಹೊರನಡೆದು ಎಎಎ ಎಂಬ ಬೇರೆ ಕಂಪನಿ ಕಟ್ಟಿದಾಗ ಒಂದಷ್ಟು ಕುಸ್ತಿಪಟುಗಳು ಅವರ ಹಿಂದೆ ಹೋದರು, ಕೆಲವು ರಾಷ್ಟ್ರೀಯ ಪಟ್ಟಗಳೂ ಹೋದವು. ರಾಷ್ಟ್ರೀಯ ಪಟ್ಟಗಳು ಕಂಪನಿಯ ಸ್ವತ್ತಲ್ಲ, ಅವುಗಳ ಉಸ್ತುವಾರಿ ಮೆಕ್ಸಿಕೊ ನಗರದ ಬಾಕ್ಸಿಂಗ್ ಮತ್ತು ಕುಸ್ತಿ ಆಯೋಗದ್ದು. ತೂಕದ ವರ್ಗದ ನಿಯಮವೂ ಕಾಗದದಲ್ಲಿ ಸ್ಪಷ್ಟ: ಮಿಡಲ್‌ವೈಟ್ ಎಂದರೆ 82ರಿಂದ 87 ಕೆ.ಜಿ., ಲೈಟ್ ಹೆವಿವೈಟ್ ಎಂದರೆ 92ರಿಂದ 97 ಕೆ.ಜಿ., ವೆಲ್ಟರ್ ಮಿಡಲ್‌ಗಿಂತ ಕೆಳಗೆ. ನಿಯಮ ಇಷ್ಟು ಬಿಗಿ, ಪಾಲನೆ ಮಾತ್ರ ಸಡಿಲ. ಒಬ್ಬನೇ ಎರಡು ಮೂರು ವರ್ಗಗಳ ಪಟ್ಟ ಕಟ್ಟಿದ ಉದಾಹರಣೆಗಳು ಬೇಕಾದಷ್ಟಿವೆ. ತಕ್ಕಡಿ ನೋಡಿ ಪಟ್ಟದ ಲೆಕ್ಕ ಹಿಡಿಯಲು ಹೊರಟರೆ ದಾರಿ ತಪ್ಪುತ್ತದೆ.

ವೆಲ್ಟರ್‌ವೈಟ್ ಪಟ್ಟ ಸಾಗರವನ್ನೂ ದಾಟಿದೆ. 1996ರ ಆಗಸ್ಟ್‌ನಲ್ಲಿ ಜಪಾನಿನಲ್ಲಿ ಕಡಿಮೆ ತೂಕದವರ ಎಂಟು ಪಟ್ಟಗಳನ್ನು ಒಟ್ಟುಗೂಡಿಸಿ ‘ಜೆ-ಕ್ರೌನ್’ ಎಂದು ಮಾಡಿದರು. ನೆಗ್ರೊ ಕಾಸಾಸ್ ಈ ಪಟ್ಟ ಹೊತ್ತು ಅಲ್ಲಿಗೆ ಹೋದ. ಎಂಟನ್ನೂ ಗೆದ್ದವನು ಗ್ರೇಟ್ ಸಾಸುಕೆ. ಅಕ್ಟೋಬರ್‌ನಲ್ಲಿ ಅವನನ್ನು ಸೋಲಿಸಿದ ಉಲ್ತಿಮೊ ದ್ರಾಗೋನ್ ವರ್ಷದ ಕೊನೆಗೆ ಒಟ್ಟು ಹತ್ತು ಪಟ್ಟಗಳ ಒಡೆಯನಾಗಿದ್ದ. ಮೈತುಂಬ ಬೆಲ್ಟು ಹೇರಿಕೊಂಡು ನಿಂತ ಅವನ ಫೋಟೊದಲ್ಲಿ ಸಾಂತೊ, ಬ್ಲೂ ಡೀಮನ್ ಕಾದಾಡಿದ ಪಟ್ಟ ಹತ್ತರಲ್ಲಿ ಒಂದು. ಎಂಟು ಪಟ್ಟ ಕೂಡಿಸಿದ್ದು ಅದ್ಭುತ ನೋಟವೇ ಸರಿ, ಆದರೆ ಅದರಲ್ಲಿ ಒಂದೊಂದರ ಮುಖವೂ ಅಳಿಸಿಹೋಯಿತು ಎಂಬುದು ಖಚಿತ ಅಭಿಪ್ರಾಯ. 1997ರ ನವೆಂಬರ್‌ನಲ್ಲಿ ಅಮೆರಿಕದ ಡಬ್ಲ್ಯುಡಬ್ಲ್ಯುಎಫ್ ತನ್ನ ಬೆಲ್ಟು ವಾಪಸ್ ಕೇಳಿದ್ದೇ ಗಂಟು ಬಿಚ್ಚಿತು. ಆಗಿನ ಒಡೆಯ ಶಿಂಜಿರೊ ಓತಾನಿ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಬಿಟ್ಟುಕೊಟ್ಟ. ಮುಂದೆ ಹೊಸ ಶತಮಾನದಲ್ಲಿ ವೆಲ್ಟರ್ ಪಟ್ಟ ಮರಳಿ ಅರೆನಾ ಮೆಹಿಕೊಗೆ ಬಂತು.

ಇನ್ನು 2010. ಮೆಕ್ಸಿಕೊ ಕಂಪನಿ ಅಲಯನ್ಸ್‌ನಿಂದ ಹೊರಬಂದು ಇಪ್ಪತ್ತು ವರ್ಷ ದಾಟಿತ್ತು, ಆದರೂ ವೆಲ್ಟರ್, ಮಿಡಲ್, ಲೈಟ್ ಹೆವಿ ಮೂರು ಪಟ್ಟಗಳ ಮೇಲೆ ಅದೇ ಅಕ್ಷರಗಳಿದ್ದವು. ಅಕ್ಷರ ನಮ್ಮದು, ಪಟ್ಟ ವಾಪಸ್ ಕೊಡಿ ಎಂದಿತು ಅಲಯನ್ಸ್. ಸಿಎಂಎಲ್‌ಎಲ್ ಆಗಸ್ಟ್‌ನಲ್ಲಿ ಹೊಸ ಬೆಲ್ಟುಗಳನ್ನು ಜನರ ಮುಂದಿಟ್ಟಿತು, ಹೆಸರಿನ ನಡುವೆ ‘ಐತಿಹಾಸಿಕ’ ಎಂಬ ಪದ ಸೇರಿಸಿ. ಆಗ ವೆಲ್ಟರ್ ಪಟ್ಟದಲ್ಲಿದ್ದವನು ಮೆಫಿಸ್ತೊ. ಹೊಸ ಹೆಸರಿನ ಮೊದಲ ಒಡೆಯನೂ ಮೆಫಿಸ್ತೊ. ಮಿಡಲ್‌ವೈಟ್‌ನಲ್ಲಿ ಅವೆರ್ನೊ ವಿಷಯವೂ ಹಾಗೆಯೇ.

ಗೆಳೆಯನ ಪ್ರಶ್ನೆಗೆ ಕೊಡಬೇಕಾದ ಉತ್ತರ ಇಲ್ಲಿದೆ ಎಂದು ಬುಧವಾರ ಹೊಳೆಯಿತು. ಮಿಸ್ತಿಕೊ ಎಂದಾಗ ಹೆಸರು ನಿಂತಿತು, ಮನುಷ್ಯ ಬದಲಾದ. ಈ ಪಟ್ಟದಲ್ಲಿ ಮನುಷ್ಯ ನಿಂತ, ಹೆಸರು ಬದಲಾಯಿತು. ಮೆಫಿಸ್ತೊ ಅಂದೂ ಯಾರಿಗೂ ಸೋಲಲಿಲ್ಲ, ಪಟ್ಟ ಬಿಟ್ಟುಕೊಡಲಿಲ್ಲ. ಜಮೀನಿನ ಭಾಷೆಯಲ್ಲೇ ಹೇಳಬೇಕೆಂದರೆ, ಖಾತೆ ಬದಲಾಗಿದೆ, ಸರ್ವೆ ನಂಬರು ಅದೇ ಇದೆ.

ಅವನಿಗೆ ಇಷ್ಟನ್ನೂ ಬರೆದು ಕಳಿಸಿದ್ದಾಯಿತು, ಜೊತೆಗೆ ತಾಳೆ ನೋಡಿದಷ್ಟು ಪಟ್ಟಿ. 2010ರ ಸಾಲಿನ ಮೇಲೆ ಒಂದು ತೆಳು ಗೆರೆ ಎಳೆದಿದೆ. ಮೆಫಿಸ್ತೊನ ಹೆಸರು ಗೆರೆಯ ಮೇಲೂ ಇದೆ, ಕೆಳಗೂ ಇದೆ. ನಿನ್ನೆ ರಾತ್ರಿ ಉತ್ತರ ಬಂತು: “ಸರಿ ಮಾರಾಯ, ಸರ್ವೆ ನಂಬರಿನ ಮಾತು ಒಪ್ಪಿದೆ. ಆದರೆ ಗೆರೆ ಕೆಳಗಿನ ಮೆಫಿಸ್ತೊ ಮುಂದೆ ಒಂದು ಅಂತ ಯಾಕೆ ಹಾಕಿದ್ದೀಯ?”

ಕಂಪನಿ ಹಾಗೆ ಎಣಿಸುತ್ತದೆ, ಅದಕ್ಕೆ ಹಾಕಿದ್ದು. ಈಗ ಪಟ್ಟಿಗೆ ಎರಡು ಕಾಲಂ ಮಾಡಬೇಕು. ಒಂದರಲ್ಲಿ ಕಂಪನಿಯ ಸಂಖ್ಯೆ, ಇನ್ನೊಂದರಲ್ಲಿ 1946ರ ಸಾಂತೊನಿಂದ ಹಿಡಿದ ಸಂಖ್ಯೆ.