ಟ್ರಂಕಿನೊಳಗಿದ್ದ ಫೋಟೋ

ಹೋದ ಡಿಸೆಂಬರ್‌ನಲ್ಲಿ ಒಂದು ಭಾನುವಾರ ನಾನೂ ನನ್ನ ಗೆಳೆಯನೂ ಕಲಬುರಗಿಯಿಂದ ಬೀದರ್‌ಗೆ ಬೈಕ್ ಮೇಲೆ ಹೋಗಿದ್ದೆವು. ಕೆಲಸ ಏನೂ ಇರಲಿಲ್ಲ, ಸುಮ್ನೆ. ಹುಮನಾಬಾದ್‌ನಲ್ಲಿ ಚಹಾ, ಆಮೇಲೆ ಕೋಟೆ, ಬಿಸಿಲು ಇಳಿದ ಮೇಲೆ ಹಬ್ಶಿ ಕೋಟ್ ಗುಡ್ಡ. ಗೆಳೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾನೆ, ಅವನ ಜೊತೆ ಹೋದರೆ ಗೈಡ್ ಖರ್ಚು ಉಳಿಯುತ್ತದೆ. ಹಬ್ಶಿ ಅಂದರೆ ಈಗಿನ ಇಥಿಯೋಪಿಯಾ ಕಡೆಯ ಕರಿಯ ಜನ. ಸುಲ್ತಾನರ ಕಾಲದಲ್ಲಿ ಎಷ್ಟೋ ಮಂದಿ ಗುಲಾಮರಾಗಿ ದಖನ್ನಿಗೆ ಬಂದು, ಇಲ್ಲಿ ಸೈನಿಕರಾದರು, ಸರದಾರರಾದರು. ಅಹಮದ್‌ನಗರದ ಮಲಿಕ್ ಅಂಬರ್ ಅಂತೂ ರಾಜ್ಯವನ್ನೇ ನಡೆಸಿದ, ವರ್ಷಗಟ್ಟಲೆ ಮೊಘಲರ ಜೊತೆ ಕಾದಾಡಿದ, 1626ರಲ್ಲಿ ತೀರಿಕೊಂಡ. ಈ ಗುಡ್ಡದ ಮೇಲಿರುವುದು ಹಬ್ಶಿ ಸರದಾರರ ಗೋರಿಗಳು.

"ಇಂಥಾ ಮಂದಿ ಹೆಸರು ತಗೊಂಡು ಹಾಸ್ಟೆಲ್‌ನಾಗ ನನಗ ಅಡ್ಡಹೆಸರು ಇಟ್ಟಿದ್ರಿ. ನೆನಪದ?" ಅಂದ.

ನೆನಪಿತ್ತು. ಇಟ್ಟವನು ನಾನೇ. ಅವನು ಕಪ್ಪು, ಅಷ್ಟೇ ಕಾರಣ. ಮೂರು ವರ್ಷ ಹಬ್ಶಿ ಹಬ್ಶಿ ಅಂತ ಕರೆದೆವು, ಮೆಸ್ಸಿನ ಅಡುಗೆಯವನೂ ಹಾಗೇ ಕರೆಯುತ್ತಿದ್ದ, ಇವನೂ ನಗುತ್ತಿದ್ದ. ಈಗ ನಾನೇ ನಕ್ಕು ಮಾತು ತೇಲಿಸಲು ನೋಡಿದೆ. ಅವನು ನಗಲಿಲ್ಲ.

ಮಾತು ಬದಲಾಗಲಿ ಅಂತ ಅಮೆರಿಕದಲ್ಲಿರುವ ಅಕ್ಕನ ಮಗನ ಕತೆ ತೆಗೆದೆ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಬಿಳಿಯ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಕುತ್ತಿಗೆ ಮೇಲೆ 9 ನಿಮಿಷಕ್ಕೂ ಜಾಸ್ತಿ ಮೊಣಕಾಲು ಊರಿ ಕೊಂದನಲ್ಲ, ಆಗ ಇವನ ಆಫೀಸಿನಲ್ಲಿ ಒಂದು ವಿಡಿಯೋ ಮೀಟಿಂಗ್ ಇಟ್ಟರಂತೆ. ಕರಿಯರು, ಬಿಳಿಯರು ಮನಸ್ಸು ಬಿಚ್ಚಿ ಮಾತಾಡೋಣ ಅಂತ. ಅವರ ಟೀಮಿನಲ್ಲಿ ಕರಿಯ ಅಂತ ಇದ್ದದ್ದು ಒಬ್ಬನೇ. ಮ್ಯಾನೇಜರ್ ಬಹಳ ಮೆತ್ತಗೆ, ನಿಮ್ಮ ಅನುಭವ ಹೇಳಿ ಅಂದಳಂತೆ. ಆ ಮನುಷ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಮಗನಿಗೆ 16 ವರ್ಷ, ಈಗ ಕಾರು ಕಲಿಯುತ್ತಿದ್ದಾನೆ, ಪೊಲೀಸರು ನಿಲ್ಲಿಸಿದರೆ ಎರಡೂ ಕೈ ಸ್ಟೇರಿಂಗ್ ಮೇಲಿಡು, ಜೇಬಿಗೆ ಕೈ ಹಾಕುವ ಮುಂಚೆ ಕೇಳು ಅಂತ ನಾನು ಅವನಿಗೆ ಕಲಿಸಿದ್ದೇನೆ, ನೀವು ನಿಮ್ಮ ಮಕ್ಕಳಿಗೆ ಏನು ಕಲಿಸಿದ್ದೀರಿ ಅಂತ ಕೇಳಿದನಂತೆ. ಒಬ್ಬರೂ ಬಾಯಿ ಬಿಡಲಿಲ್ಲವಂತೆ.

ಈ ಕತೆ ನನಗೆ ಬಹಳ ಇಷ್ಟ. ಎಷ್ಟೋ ಮಂದಿಗೆ ಹೇಳಿದ್ದೇನೆ. ಹೇಳಿ ಮುಗಿಸಿ ಅದೇ ಜೋಷ್‌ನಲ್ಲಿ, "ನಿನಗೂ ಹಂಗೇನರ ಆಗ್ಯದೇನು?" ಅಂತ ಕೇಳಿದೆ.

"ನೀನೂ ಆ ಮ್ಯಾನೇಜರ್ ಹಂಗೇ ಕೇಳ್ಲಾಕತ್ತಿ ನೋಡು," ಅಂದ.

ಆಮೇಲೆ ಅವನೇ ಮಾತಾಡಿದ. ಮೊದಲು ಅಮೆರಿಕದ್ದೇ. 1930ರ ದಶಕದಲ್ಲಿ ಅಲ್ಲಿನ ಸರ್ಕಾರವೇ ಊರೂರಿನ ನಕ್ಷೆ ಮಾಡಿಸಿ, ಕರಿಯರಿರುವ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಸಿತ್ತು. ಕೆಂಪು ಅಂದರೆ ಅಲ್ಲಿ ಮನೆ ಸಾಲ ಕೊಡುವುದು ಅಪಾಯ ಅಂತ. ಮನೆ ಕೊಡುವಾಗ ಬಣ್ಣ ನೋಡಬಾರದು ಅಂತ ಕಾನೂನು ಬಂದದ್ದು 1968ರಲ್ಲಿ. "ಅವರಿಗಿ ನಕ್ಷಾ ಬೇಕಾಯ್ತು. ನಮ್ಮೂರಾಗ ಕೇರಿ ಎಲ್ಲದ ಅಂತ ಯಾವ ನಕ್ಷಾ ನೋಡಬೇಕು?" ಅಂದ. ನಾನು ಹೂಂ ಅಂದೆ. ಇಂಥ ಮಾತಿಗೆ ಹೂಂ ಅನ್ನುವುದು ಸುಲಭ.

ಅಲ್ಲಿ ಬಣ್ಣ ನೋಡಿದರೆ ಮುಗಿಯಿತು. ಇಲ್ಲಿ ಕೇಳಬೇಕು, ಮತ್ತೆ ನಾವು ಎಷ್ಟು ಚಂದ ಕೇಳುತ್ತೇವೆ ಅಲ್ವಾ. ಯಾವೂರ್ರಿ? ಪೂರ್ತಿ ಹೆಸರೇನ್ರಿ? ಮನಿದೇವ್ರು ಯಾವುದು? ಉಣ್ಣೋದು ತಿನ್ನೋದು ಹೆಂಗ? ಇಷ್ಟಕ್ಕೂ ಗೊತ್ತಾಗದಿದ್ದರೆ ಕೊನೆಗೆ, ತಪ್ಪು ತಿಳಕೋಬ್ಯಾಡ್ರಿ, ಯಾವ ಪೈಕಿ ನೀವು?

2016ರಲ್ಲಿ ಅವನು ಕಲಬುರಗಿಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾಗ ಎರಡು ತಿಂಗಳು ಇದನ್ನೇ ಕೇಳಿಸಿಕೊಂಡ. ಬೋರ್ಡು ಇನ್ನೂ ಗೇಟಿಗೆ ನೇತಾಡುತ್ತಿರುತ್ತದೆ, ಇವನ ಪೂರ್ತಿ ಹೆಸರು ಕೇಳಿದ ಮೇಲೆ ಆ ಮನೆ ಮಾಲೀಕರ ಅಳಿಯನಿಗೆ ಹೋಗಿರುತ್ತದೆ. ಕಡೆಗೆ ನಾನು ಜೊತೆಗೆ ಹೋದೆ. ನಮ್ಮದು ಊರಲ್ಲಿ ಗೌಡರ ಮನೆ, ಹೆಸರಲ್ಲೇ ಗೌಡ ಅಂತ ಇದೆ. ಮಾಲೀಕರು ನನ್ನನ್ನು ಕೂರಿಸಿ ಚಹಾ ಕೊಟ್ಟರು. ಇವರು? ಅಂತ ಗೆಳೆಯನ ಕಡೆ ನೋಡಿದರು. "ನಮ್ಮವರೇ ರೀ," ಅಂದುಬಿಟ್ಟೆ. ಅವತ್ತೇ ಅಡ್ವಾನ್ಸ್ ಕೊಟ್ಟು ಕೀಲಿ ತಗೊಂಡೆವು. ಎಂಥ ಉಪಕಾರ ಮಾಡಿದೆ ಅಂತ ನಾನು ಇಷ್ಟು ವರ್ಷ ಒಳಗೊಳಗೇ ಖುಷಿಪಟ್ಟುಕೊಂಡಿದ್ದೆ.

ಗುಡ್ಡದ ಮೇಲೆ ಅವನು ಹೇಳಿದ್ದು ಆ ಮನೆಯ ಒಳಗಿನ ಕತೆ. ಎರಡು ವರ್ಷ ಅವರ ಅವ್ವನನ್ನು ಅಲ್ಲಿಗೆ ಕರೆದುಕೊಂಡು ಬರಲಿಲ್ಲ. ಅವ್ವ ಬಾಯಿಬಿಟ್ಟರೆ, ಯಾರ ಹೆಸರು ಎತ್ತಿದರೂ, ಗೊತ್ತಾಗುತ್ತದೆ ಅಂತ. ಕಣ್ಣಿನ ಆಪರೇಷನ್‌ಗೆ ಬಂದಾಗಲೂ ಆಕೆಯನ್ನು ತಂಗಿಯ ಮನೆಯಲ್ಲೇ ಇಟ್ಟ. ಇವನ ಬಳಿ ಒಂದು ಅಂಬೇಡ್ಕರ್ ಫೋಟೋ ಇದೆ, ಅವರಪ್ಪ ಫ್ರೇಮ್ ಹಾಕಿಸಿದ್ದು, ನೀಲಿ ಕೋಟು, ಗಾಜಿನ ಒಂದು ಮೂಲೆ ಬಿರುಕು ಬಿಟ್ಟಿದೆ. ಹಾಸ್ಟೆಲ್‌ನಲ್ಲಿ ಅವನ ಮಂಚದ ಮೇಲೆ ಅದು ಇರುತ್ತಿತ್ತು, ನಾನೇ ನೋಡಿದ್ದೇನೆ. ಆ ಮನೆಯಲ್ಲಿ ಎರಡು ವರ್ಷ ಅದು ಟ್ರಂಕಿನಲ್ಲಿತ್ತು, ಚಾದರಿನಲ್ಲಿ ಸುತ್ತಿ. ಏಪ್ರಿಲ್ 14ಕ್ಕೆ ಬಾಗಿಲು ಹಾಕಿಕೊಂಡು ಹೊರಗೆ ತೆಗೆದು, ಹೂವು ಇಟ್ಟು, ಮತ್ತೆ ಒಳಗಿಟ್ಟ.

"ನೀ ಬರೋಬರಿ ಮಾಡಿದಿ ಅಂತ ತಿಳ್ಕೊಂಡಿ. ನಾನೂ ಕೀಲಿ ತಗೊಂಡೆ, ನಂದೂ ತಪ್ಪದ. ಆದರ ಅವತ್ತು ನೀ ನನ್ನ ಗೆಳೆಯ ಅನ್ನಬೇಕಾಗಿತ್ತು. ನಮ್ಮವ ಅಂದಿ."

ನನಗೆ ಸಿಟ್ಟು ಬಂತು, ಇದನ್ನು ಮುಚ್ಚಿಡುವುದಿಲ್ಲ. ಮನೆ ಕೊಡಿಸಿದವನಿಗೇ ಇದಾ ಅಂತ. ಬೀದರ್‌ನಿಂದ ವಾಪಸ್ ಬರುವಾಗ ಕಮಲಾಪುರ ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ. ಅಮೆರಿಕದ ಆ ಮೀಟಿಂಗ್‌ನಲ್ಲಿ ಸುಮ್ಮನೆ ಕೂತ ಬಿಳಿಯರನ್ನು ನಾನು ಹೇಡಿಗಳು ಅಂತ ಎಷ್ಟು ಸಲ ಅಂದಿದ್ದೇನೋ. ಅವರು ಸುಮ್ಮನಾದರೂ ಆದರು. ನನ್ನ ತಲೆಯೊಳಗೆ ಹುಮನಾಬಾದ್‌ವರೆಗೂ ಬರೀ ನನ್ನ ಪರ ವಾದವೇ ನಡೆದಿತ್ತು: ಆಗ ಬೇರೆ ದಾರಿ ಏನಿತ್ತು, ಇವನಾದರೂ ಆಗಲೇ ಹೇಳಬಹುದಿತ್ತಲ್ಲ, ನಾನೇನು ಜಾತಿ ಮಾಡುವವನಾ. ಹೇಳಿದ್ದರೆ ಕೇಳುತ್ತಿದ್ದೆನಾ ಅನ್ನುವುದು ಬೇರೆ ಮಾತು. ಹಬ್ಶಿ ಅಂದಾಗ ಅವನು ನಕ್ಕಿದ್ದನ್ನೇ ನಾನು ಒಪ್ಪಿಗೆ ಅಂದುಕೊಂಡವನು.

ಬೈಕ್ ಇಳಿಯುವಾಗ ಅವನು ಒಂದೇ ಮಾತು ಕೇಳಿದ. "ನಾ ನಿಮ್ಮ ಮನಿಗಿ ಎಷ್ಟೋ ಸಲ ಬಂದೀನಿ. ನೀ ನಮ್ಮೂರಿಗಿ ಎಷ್ಟು ಸಲ ಬಂದೀ?"

ಲೆಕ್ಕ ಹಾಕಿದೆ. ಒಂದು ಸಲ, ಅವನ ಮದುವೆಗೆ. ಅದೂ ಶಹಾಪುರದ ಕಲ್ಯಾಣ ಮಂಟಪಕ್ಕೆ, ಮನೆಗಲ್ಲ.

ಜನವರಿಯಲ್ಲಿ ಹೋದೆ. ಯಾದಗಿರಿ ಜಿಲ್ಲೆಯ ಸಣ್ಣ ಊರು, ಬಸ್ ನಿಲ್ದಾಣದಿಂದ ಕೇರಿಗೆ ಎರಡು ನಿಮಿಷದ ದಾರಿ, ಅವನು ಹೇಳಿದ ಹಾಗೆ ನಕ್ಷೆ ಬೇಕಾಗಲಿಲ್ಲ. ಅವರ ಅವ್ವ "ಬರ್ರಿ ಗೌಡ್ರೇ, ಕೂಡ್ರಿ" ಅಂದರು. ಮಗನ ಓರಗೆಯವನಿಗೆ ಬರ್ರಿ, ಗೌಡ್ರೇ. ಫೋಟೋ ಎದುರಿನ ಗೋಡೆಯ ಮೇಲಿತ್ತು, ಮೂಲೆಯ ಬಿರುಕು ಹಾಗೇ ಇತ್ತು. ನಾನು ಕೂರುವಷ್ಟರಲ್ಲಿ ಆಕೆ ಮೊಮ್ಮಗನ ಕೈಗೆ ದುಡ್ಡು ಕೊಟ್ಟು ಅಂಗಡಿಗೆ ಓಡಿಸಿದರು. ಹುಡುಗ ಒಂದು ಕೂಲ್‌ಡ್ರಿಂಕ್ಸ್ ಬಾಟಲಿ ತಂದ. ಆಕೆ ಅದನ್ನು ತಾವು ಮುಟ್ಟಲೂ ಇಲ್ಲ, ಹುಡುಗನ ಕೈಯಿಂದಲೇ ನನಗೆ ಕೊಡಿಸಿದರು. ಸೀಲ್ ಕೂಡ ಒಡೆದಿರಲಿಲ್ಲ.

ಪಕ್ಕದಲ್ಲೇ ಕಟ್ಟೆಯ ಮೇಲೆ ನೀರಿನ ಕೊಡ ಇತ್ತು. ಗೆಳೆಯ ನನ್ನನ್ನೇ ನೋಡುತ್ತಿದ್ದ. ನಾನು ಸೀಲ್ ಒಡೆದು ಎರಡು ಗುಟುಕು ಕುಡಿದೆ, ಬಾಟಲಿ ಕೆಳಗಿಟ್ಟೆ, ನೀರು ಕೇಳಿದೆ. ಆಕೆ ಏಳಲಿಲ್ಲ, ಮಗನ ಮುಖ ನೋಡಿದರು.