ರುದ್ರನಾಟಕಗಳ ಇಂಗ್ಲಿಷ್ ಪದಗಳು: ಲಿಯರ್ ಮೂರನೆಯ ಅಂಕದವರೆಗೆ

ಹ್ಯಾಮ್ಲೆಟ್ ಮತ್ತು ಮ್ಯಾಕ್‌ಬೆತ್ ಮುಗಿದಿವೆ. ಲಿಯರ್ ಮಹಾರಾಜ ಮೂರನೆಯ ಅಂಕದ ಬಿರುಗಾಳಿಯಲ್ಲಿ ನಿಂತಿದ್ದಾನೆ, ಅವನ ಜೊತೆಗೆ ನಾನೂ. ಒಥೆಲೊ ಇನ್ನೂ ಕೈಗೆತ್ತಿಕೊಳ್ಳಬೇಕು. ಷೇಕ್ಸ್‌ಪಿಯರನ ಈ ನಾಲ್ಕು ದುರಂತ ನಾಟಕಗಳನ್ನು, ಪಕ್ಕದಲ್ಲಿ ಸರಳ ಇಂಗ್ಲಿಷ್ ರೂಪಾಂತರ ಇಟ್ಟುಕೊಳ್ಳದೆ, ಮೂಲದಲ್ಲೇ ಓದುವಷ್ಟು ಪದಜ್ಞಾನ ಬೇಕೆಂದು ಆರಂಭಿಸಿದ ಅಭ್ಯಾಸ ಇದು. ಇಷ್ಟು ದೂರ ಬಂದ ಮೇಲೆ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ. ಈ ನಾಟಕಗಳಲ್ಲಿ ಓದುಗರನ್ನು ಹೆಚ್ಚು ದಾರಿ ತಪ್ಪಿಸುವುದು ಚೆನ್ನಾಗಿ ಗೊತ್ತಿದೆ ಎಂದು ನಾವು ನಂಬಿರುವ ಪದಗಳೇ.

1600ರ ಆಸುಪಾಸಿನ ಈ ಭಾಷೆಯನ್ನು ಅನೇಕರು ‘ಹಳೆಯ ಇಂಗ್ಲಿಷ್’ ಎಂದು ಕರೆಯುವುದುಂಟು. ಭಾಷಾ ಚರಿತ್ರೆಯ ಪ್ರಕಾರ ಇದು ಆಧುನಿಕ ಇಂಗ್ಲಿಷಿನ ಮೊದಲ ಘಟ್ಟ. ಬಿಯೊವುಲ್ಫ್ ಕಾವ್ಯದ ನಿಜವಾದ ಹಳೆಯ ಇಂಗ್ಲಿಷ್ ಇಂದಿನ ಇಂಗ್ಲಿಷರಿಗೂ ಕಬ್ಬಿಣದ ಕಡಲೆ, ಪಾಠ ಹೇಳಿಸಿಕೊಳ್ಳದೆ ಒಂದು ಸಾಲೂ ದಕ್ಕುವುದಿಲ್ಲ. ಷೇಕ್ಸ್‌ಪಿಯರನನ್ನು ಓದುವುದು ನಾವು ಕುಮಾರವ್ಯಾಸನನ್ನು ಓದಿದ ಹಾಗೆ: ಓಟ ಸಿಗುತ್ತದೆ, ಭಾವ ಸಿಗುತ್ತದೆ, ನಡುನಡುವೆ ಒಂದು ಪದ ಕಾಲಿಗೆ ತೊಡರುತ್ತದೆ.

ಹಾಗೆ ತೊಡರಿದ ಪದಗಳಿಗೆ ನೋಟುಬುಕ್ಕಿನ ಎಡಪುಟ. ಹ್ಯಾಮ್ಲೆಟ್‌ನ ‘ಇರಬೇಕೇ, ಇರಬಾರದೇ’ ಎಂಬ ಸ್ವಗತವೊಂದರಲ್ಲೇ ಫಾರ್ಡೆಲ್, ಬೋರ್ನ್, ಬಾಡ್ಕಿನ್, ಕ್ವಾಯೆಟಸ್ ಒಟ್ಟೊಟ್ಟಿಗೆ ಬರುತ್ತವೆ. ಫಾರ್ಡೆಲ್ ಅಂದರೆ ಹೊತ್ತ ಗಂಟು, ಬೋರ್ನ್ ಅಂದರೆ ಗಡಿ. ಕ್ವಾಯೆಟಸ್ ಲೆಕ್ಕ ತೀರಿದಾಗ ಬರೆಯುತ್ತಿದ್ದ ಲ್ಯಾಟಿನ್ ಮಾತಿನಿಂದ ಬಂದದ್ದು, ನಮ್ಮ ಅಂಗಡಿಯ ಖಾತೆ ಪುಸ್ತಕದ ‘ಚುಕ್ತಾ’ ಅದಕ್ಕೆ ಸರಿಸಮ. ಬಾಡ್ಕಿನ್, ಅಂದರೆ ಮೊನಚಾದ ಸಣ್ಣ ಕಠಾರಿ, ಒಂದಿದ್ದರೆ ಬದುಕಿನ ಲೆಕ್ಕವನ್ನೇ ಚುಕ್ತಾ ಮಾಡಿಬಿಡಬಹುದಲ್ಲ ಎಂದು ರಾಜಕುಮಾರ ಯೋಚಿಸುತ್ತಿದ್ದಾನೆ. ಇಂಥ ಪದಗಳು ಕಷ್ಟವಾದರೂ ಮೋಸ ಮಾಡುವುದಿಲ್ಲ. ಕಂಡ ಕೂಡಲೇ ನಿಲ್ಲುತ್ತೇವೆ, ನಿಘಂಟು ತೆರೆಯುತ್ತೇವೆ.

ಬಲಪುಟದಲ್ಲಿರುವವು ಪರಿಚಿತ ಮುಖದ ಪದಗಳು, ಈಗ ನನ್ನ ಸಮಯವೆಲ್ಲ ಹೋಗುವುದು ಅಲ್ಲಿಗೇ. ತಂದೆಯ ಪ್ರೇತ ಕಾಣಿಸಿಕೊಂಡಿದೆ ಎಂಬ ಸುದ್ದಿ ಕೇಳಿ ಹ್ಯಾಮ್ಲೆಟ್, ಏನೋ ಮೋಸ ನಡೆದಿದೆ ಎಂದು ‘ಡೌಟ್’ ಪಡುತ್ತಾನೆ. ಇಂದಿನ ಇಂಗ್ಲಿಷಿನಲ್ಲಿ ಅದಕ್ಕೆ ‘ನಡೆದಿರಲಾರದು’ ಎಂಬ ಅರ್ಥ, ಅಂದು ‘ನಡೆದೇ ಇದೆ ಎಂಬ ಶಂಕೆ’. ‘ಸ್ಟಿಲ್’ ಅಂದರೆ ಬಹಳ ಕಡೆ ಯಾವಾಗಲೂ ಎಂದು. ‘ಪ್ರೆಸೆಂಟ್ಲಿ’ ಅಂದರೆ ಈ ಕ್ಷಣವೇ. ಮೊದಲ ದೃಶ್ಯದಲ್ಲಿ ಕಾವಲುಗಾರ ತನ್ನ ‘ರೈವಲ್’ಗಳು ಬೇಗ ಬರಲಿ ಎನ್ನುವುದು ಜೊತೆ ಕಾವಲುಗಾರರ ಬಗ್ಗೆ, ಎದುರಾಳಿಗಳ ಬಗ್ಗೆ ಅಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಲೆಟ್’. ಪ್ರೇತ ಕೈಬೀಸಿ ಕರೆಯುತ್ತಿದೆ, ಹೊರೇಷಿಯೊ ಮತ್ತು ಮಾರ್ಸೆಲಸ್ ಹ್ಯಾಮ್ಲೆಟ್‌ನನ್ನು ಹಿಡಿದು ಎಳೆಯುತ್ತಿದ್ದಾರೆ. ಆಗ ಅವನು, ನನ್ನನ್ನು ‘ಲೆಟ್’ ಮಾಡುವವನನ್ನೇ ಪ್ರೇತ ಮಾಡುತ್ತೇನೆ ಎಂದು ಗುಡುಗುತ್ತಾನೆ. ಬಿಡುವವನನ್ನು ಕೊಲ್ಲುವುದೇಕೆ? ಆ ಕಾಲದಲ್ಲಿ ‘ಲೆಟ್’ ಎಂಬ ಇನ್ನೊಂದು ಕ್ರಿಯಾಪದವಿತ್ತು, ಅದರ ಅರ್ಥ ತಡೆ. ಆ ಪದ ಪೂರ್ತಿ ಸತ್ತಿಲ್ಲ. ಭಾರತದ ಪಾಸ್‌ಪೋರ್ಟಿನಲ್ಲಿ ರಾಷ್ಟ್ರಪತಿಯವರ ಹೆಸರಿನಲ್ಲಿ ಅಚ್ಚಾಗಿರುವ ಕೋರಿಕೆಯನ್ನು ಓದಿ ನೋಡಿ, ಈ ವ್ಯಕ್ತಿಯನ್ನು ‘ಲೆಟ್’ ಆಗಲಿ ಅಡಚಣೆಯಾಗಲಿ ಇಲ್ಲದೆ ಹೋಗಗೊಡಬೇಕು ಎಂದಿದೆ. ಹ್ಯಾಮ್ಲೆಟ್ ಬಳಸಿದ ಪದವೇ ಅಲ್ಲಿ ನಾಮಪದವಾಗಿ ಉಳಿದುಕೊಂಡಿದೆ.

ಕನ್ನಡಿಗರಿಗೆ ಸಲೀಸಾಗಿ ಒದಗಿಬರುವ ಒಂದು ಸಂಗತಿಯೂ ಇದೆ, ಅದು ‘ದೌ’ ಮತ್ತು ‘ಯೂ’. ಇಂದಿನ ಇಂಗ್ಲಿಷಿನಲ್ಲಿ ಎಲ್ಲರೂ ‘ಯೂ’ ಆದ್ದರಿಂದ ಅಲ್ಲಿನ ವಿದ್ಯಾರ್ಥಿಗಳು ಈ ಭೇದವನ್ನು ಬಾಯಿಪಾಠ ಮಾಡಿ ಕಲಿಯಬೇಕು. ನೀನು, ನೀವು ಎನ್ನುತ್ತ ಬೆಳೆದವರಿಗೆ ಆ ಕಷ್ಟವಿಲ್ಲ. ಹ್ಯಾಮ್ಲೆಟ್ ತಾಯಿಯ ಕೋಣೆಗೆ ಬರುವ ದೃಶ್ಯವನ್ನು ನೋಡಿ. ರಾಣಿ ತಾನು ಮರುಮದುವೆಯಾದ ಕ್ಲಾಡಿಯಸ್‌ನನ್ನು ಮನಸ್ಸಿನಲ್ಲಿಟ್ಟುಕೊಂಡು, ನೀನು ನಿನ್ನ ತಂದೆಯನ್ನು ಬಹಳ ನೋಯಿಸಿದ್ದೀಯೆ ಎನ್ನುತ್ತಾಳೆ. ಮಗ ಸತ್ತ ತಂದೆಯನ್ನು ನೆನೆದು, ತಾಯಿ, ನೀವು ನನ್ನ ತಂದೆಯನ್ನು ಬಹಳ ನೋಯಿಸಿದ್ದೀರಿ ಎಂದು ತಿರುಗಿಸಿ ಹೇಳುತ್ತಾನೆ. ಆ ಕೂಡಲೇ ಅವಳೂ ಬಹುವಚನಕ್ಕೆ ಸರಿದು, ಬನ್ನಿ ಬನ್ನಿ, ಏನು ಹುಚ್ಚು ಉತ್ತರ ಕೊಡುತ್ತಿದ್ದೀರಿ ಎನ್ನುತ್ತಾಳೆ. ಮುನಿದ ತಾಯಿ ಮಗನನ್ನು ಇದ್ದಕ್ಕಿದ್ದಂತೆ ‘ನೀವು’ ಎಂದು ಕರೆದರೆ ಮನೆಯಲ್ಲಿ ಏನಾಗುತ್ತದೆ ಎಂಬುದು ನಮಗೆ ಗೊತ್ತು. ಅವನು ಅವಳನ್ನು ಹಿಡಿದು ಕೂರಿಸಿದಾಗ, ಕೊಲ್ಲುತ್ತಾನೇನೋ ಎಂಬ ಭಯದಲ್ಲಿ ಅವಳ ಬಾಯಿಂದ ಮತ್ತೆ ‘ದೌ’ ಹೊರಡುತ್ತದೆ. ಬೆರಳೆಣಿಕೆಯ ಸಾಲುಗಳಲ್ಲಿ ಸರ್ವನಾಮಗಳೇ ನಾಟಕ ಆಡುತ್ತವೆ.

ಲಿಯರ್‌ನ ಮೊದಲ ದೃಶ್ಯದಲ್ಲಿ ಅವನ ನಿಷ್ಠಾವಂತ ಸಾಮಂತ ಕೆಂಟ್ ಇದೇ ಸರ್ವನಾಮವನ್ನು ತುಂಬಿದ ಸಭೆಯಲ್ಲಿ ದೊರೆಯ ಮೇಲೆ ಪ್ರಯೋಗಿಸುತ್ತಾನೆ. ಆರಂಭದಲ್ಲಿ ಗೌರವದ ಸಂಬೋಧನೆ ಇದೆ, ಲಿಯರ್ ಅದನ್ನು ಕೇಳಿಸಿಕೊಳ್ಳದಿದ್ದಾಗ ‘ಏನು ಮಾಡಲು ಹೊರಟಿದ್ದೀಯೆ, ಮುದುಕ?’ ಕೆಂಟ್‌ನ ಗಡೀಪಾರಿಗೆ ಕಾರಣವಾದ ಮಾತುಗಳಲ್ಲಿ ಈ ಏಕವಚನಕ್ಕೂ ಪಾಲಿದೆ ಎಂದೇ ನನಗನ್ನಿಸುತ್ತದೆ. ಆದರೆ ಎಲ್ಲ ಕಡೆಯೂ ಈ ಸೂತ್ರ ಹಿಡಿದು ಅಳೆಯಲಾಗದು. ಕಾರಣವಿಲ್ಲದೆ ಎರಡೂ ಬೆರೆಯುವ ಸಾಲುಗಳು ಬೇಕಾದಷ್ಟಿವೆ. ಸರ್ವನಾಮ ಬದಲಾದಾಗ ಒಮ್ಮೆ ನಿಂತು ನೋಡುತ್ತೇನೆ, ಅರ್ಥ ಹೊಂದದಿದ್ದರೆ ಮುಂದೆ ಹೋಗುತ್ತೇನೆ.

ಮ್ಯಾಕ್‌ಬೆತ್ ಓದುವಾಗ ಇನ್ನೊಂದು ವಿಷಯ ತಿಳಿಯಿತು. ಕಠಿಣ ಪದವಿಟ್ಟಾಗ ಷೇಕ್ಸ್‌ಪಿಯರ್ ಎಷ್ಟೋ ಸಲ ಅದರ ಪಕ್ಕದಲ್ಲೇ ಅರ್ಥವನ್ನೂ ಇಟ್ಟಿರುತ್ತಾನೆ. ದೊರೆ ಡಂಕನ್‌ನನ್ನು ಕೊಂದ ಕೈಯನ್ನು ನೋಡಿಕೊಂಡು ಮ್ಯಾಕ್‌ಬೆತ್, ಸಮುದ್ರಗಳೂ ಇದನ್ನು ತೊಳೆಯಲಾರವು, ಈ ಕೈಯೇ ಅವನ್ನು ‘ಇನ್‌ಕಾರ್ನಡೈನ್’ ಮಾಡೀತು ಎನ್ನುತ್ತಾನೆ. ಮರುಸಾಲಿನಲ್ಲೇ, ಹಸಿರನ್ನೆಲ್ಲ ಕೆಂಪು ಮಾಡೀತು ಎಂದು ಮಕ್ಕಳಿಗೂ ತಿಳಿಯುವ ಪುಟ್ಟ ಪದಗಳಲ್ಲಿ ಹೇಳುತ್ತಾನೆ. ಆ ಕಾಲದ ಪ್ರೇಕ್ಷಕರಿಗೂ ಈ ಸಹಾಯ ಬೇಕಿತ್ತು. ಇಂಗ್ಲಿಷಿನಿಂದ ಇಂಗ್ಲಿಷಿಗೆ ಅರ್ಥ ಕೊಡುವ ಮೊದಲ ನಿಘಂಟು ಎಂದು ಹೆಸರಾದ ರಾಬರ್ಟ್ ಕಾಡ್ರಿಯ ಪುಸ್ತಕ ಅಚ್ಚಾದದ್ದು 1604ರಲ್ಲಿ, ಹ್ಯಾಮ್ಲೆಟ್ ಅಚ್ಚಾಗುತ್ತಿದ್ದ ದಿನಗಳಲ್ಲೇ. ಅದರಲ್ಲಿದ್ದದ್ದು ಸುಮಾರು 2,500 ಪದಗಳು, ಎಲ್ಲವೂ ಕಠಿಣ ಪದಗಳೇ. ಲ್ಯಾಟಿನ್, ಫ್ರೆಂಚ್ ಮೂಲದ ಹೊಸ ಪದಗಳು ಲಂಡನ್ನಿಗೆ ನುಗ್ಗುತ್ತಿದ್ದ ಕಾಲ ಅದು. ಹೀಗಾಗಿ ಈಗ ಕಠಿಣ ಪದ ಕಂಡರೆ ಮೊದಲು ಅದರ ಹಿಂದುಮುಂದಿನ ಎರಡು ಸಾಲು ನೋಡುತ್ತೇನೆ, ನಿಘಂಟು ಆಮೇಲೆ.

ನಿಘಂಟುಗಳ ಬಗ್ಗೆ ಕೇಳುವವರಿಗೆ: ದಿನಬಳಕೆಗೆ ಆನಿಯನ್ಸ್ ಎಂಬ ವಿದ್ವಾಂಸ 1911ರಲ್ಲಿ ಹೊರತಂದ ಪದಕೋಶ ಸಾಕು. ಒಂದು ಪದ ಯಾವ ಯಾವ ನಾಟಕದಲ್ಲಿ ಯಾವ ಅರ್ಥದಲ್ಲಿ ಬಂದಿದೆ ಎಂದು ತಿಳಿಯಲು ಜರ್ಮನಿಯ ಅಲೆಕ್ಸಾಂಡರ್ ಸ್ಮಿಟ್ 1870ರ ದಶಕದಲ್ಲಿ ಸಿದ್ಧಪಡಿಸಿದ ಎರಡು ಸಂಪುಟಗಳ ಕೋಶ. ಪದಪಟ್ಟಿ ಉರು ಹೊಡೆಯುವುದನ್ನು ನಿಲ್ಲಿಸಿದ್ದೇನೆ. ಪದ ಬಂದ ಸಾಲನ್ನು ಪೂರ್ತಿ ಬರೆದು, ಗಟ್ಟಿಯಾಗಿ ಓದುತ್ತೇನೆ. ದೃಶ್ಯ ಮುಗಿದ ಮೇಲೆ ಕನ್ನಡದ ಹಿರಿಯರು ಏನು ಮಾಡಿದ್ದಾರೆಂದು ನೋಡುವುದು ದೊಡ್ಡ ಸಂತೋಷ. ಡಿ.ವಿ.ಜಿ. ಮ್ಯಾಕ್‌ಬೆತ್ ಅನುವಾದಿಸಿದ್ದಾರೆ, ಕುವೆಂಪು ಹ್ಯಾಮ್ಲೆಟ್‌ನ ಕಥೆಯನ್ನೇ ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದಿದ್ದಾರೆ.

ಈಗ ನಿಂತಿರುವ ಜಾಗ ಲಿಯರ್ ಮೂರನೆಯ ಅಂಕದ ನಾಲ್ಕನೆಯ ದೃಶ್ಯ. ಮಳೆಯಲ್ಲಿ ನೆನೆಯುತ್ತ ದೊರೆ ಮನೆಯಿಲ್ಲದ ಬಡವರನ್ನು ನೆನೆಯುತ್ತಾನೆ. ಅವರ ಚಿಂದಿ ಬಟ್ಟೆಗೆ ‘ಲೂಪ್ಡ್’ ಮತ್ತು ‘ವಿಂಡೋಡ್’ ಎಂಬ ವಿಶೇಷಣಗಳು: ಕೋಟೆಗೋಡೆಯ ಕಿಂಡಿಗಳಂತೆ, ಕಿಟಕಿಗಳಂತೆ ತೂತುಬಿದ್ದ ಬಟ್ಟೆ. ಮನೆಯಿಲ್ಲದವರಿಗೆ ಕಿಟಕಿ ಇರುವುದು ಮೈಮೇಲಿನ ಬಟ್ಟೆಯಲ್ಲಿ ಮಾತ್ರ. ಬಳಿಕ ಸಿರಿವಂತಿಕೆಯ ಆಡಂಬರವನ್ನೇ ಕರೆದು, ‘ಫಿಸಿಕ್’ ತೆಗೆದುಕೋ ಎನ್ನುತ್ತಾನೆ. ಫಿಸಿಕ್ ಅಂದರೆ ಔಷಧಿ ಎಂದಷ್ಟೇ ತಿಳಿದು ಮುಂದೆ ಹೋಗಬಹುದು, ಆದರೆ ಇಲ್ಲಿ ಅದು ಭೇದಿಯ ಮದ್ದು. ಆಗಲೇ ಮುಂದಿನ ‘ಸೂಪರ್‌ಫ್ಲಕ್ಸ್’ ತೆರೆದುಕೊಳ್ಳುವುದು. ಹೊಟ್ಟೆಯಲ್ಲಿ ಅತಿಯಾಗಿ ಸೇರಿದ್ದು ಹೊರಬರುವಂತೆ, ಸಿರಿವಂತರಲ್ಲಿ ಮಿಕ್ಕಿ ತುಂಬಿಕೊಂಡದ್ದು ಬಡವರ ಕಡೆಗೆ ಹರಿಯಲಿ ಎಂಬುದು ಅವನ ಮಾತು. ಇಷ್ಟು ಕಟುವಾದ, ಇಷ್ಟು ನ್ಯಾಯವಾದ ರೂಪಕವನ್ನು ಒಬ್ಬ ದೊರೆಯ ಬಾಯಲ್ಲಿ ಇಟ್ಟದ್ದು ನನಗೆ ಇಡೀ ನಾಟಕದ ಎತ್ತರದ ಜಾಗ.

ನಾಲ್ಕನೆಯ ಅಂಕದ ‘ಫಾಂಡ್’ ಪದವನ್ನು ಈಗಲೇ ಬಲಪುಟಕ್ಕೆ ಸೇರಿಸಿದ್ದೇನೆ. ಅಲ್ಲಿ ಲಿಯರ್ ತನ್ನನ್ನು ಹಾಗೆ ಕರೆದುಕೊಳ್ಳುವಾಗ ಪ್ರೀತಿಗಿಂತ ಅರಳುಮರಳಿನ ಅರ್ಥವೇ ಮುಂದಿದೆ.

ಒಥೆಲೊಗೆ ಸಿದ್ಧತೆ ಎರಡು. ‘ಆನೆಸ್ಟ್’ ಮತ್ತು ಅದರ ನಾಮರೂಪ ಆ ನಾಟಕದಲ್ಲಿ ಐವತ್ತಕ್ಕೂ ಹೆಚ್ಚು ಸಲ ಬರುತ್ತವೆ. ಗಂಡಸಿಗೆ ಹೇಳಿದರೆ ಪ್ರಾಮಾಣಿಕ, ಹೆಂಗಸಿಗೆ ಹೇಳಿದರೆ ಹೆಚ್ಚಾಗಿ ಶೀಲವತಿ. ಕುತಂತ್ರಿ ಇಯಾಗೊಗೆ ಎಲ್ಲಿ, ಒಥೆಲೊನ ಹೆಂಡತಿ ಡೆಸ್ಡಿಮೋನಾಗೆ ಎಲ್ಲಿ ಎಂದು ಎರಡು ಬಣ್ಣಗಳಲ್ಲಿ ಗುರುತು ಹಾಕಬೇಕು. ಎರಡನೆಯದು ಆಣೆಯ ಮಾತುಗಳು. 1606ರಲ್ಲಿ ರಂಗದ ಮೇಲೆ ದೇವರ ಹೆಸರನ್ನು ಹಗುರವಾಗಿ ಎತ್ತುವುದನ್ನು ಕಾನೂನು ನಿಷೇಧಿಸಿತು. ದೇವರ ಗಾಯಗಳ ಮೇಲಿನ ಆಣೆಯಾದ ‘ಜೂಂಡ್ಸ್’ 1622ರ ಒಥೆಲೊ ಮುದ್ರಣದಲ್ಲಿ ಇದೆ, 1623ರ ಫೋಲಿಯೊದಲ್ಲಿ, ಅಂದರೆ ಅವನ ನಾಟಕಗಳ ಮೊದಲ ಸಂಗ್ರಹ ಮುದ್ರಣದಲ್ಲಿ, ಅಳಿಸಿಹೋಗಿದೆ. ಎರಡೂ ಪಾಠಗಳನ್ನು ಇಳಿಸಿಕೊಂಡಾಗಿದೆ. ಲಿಯರ್ ಮುಗಿದ ವಾರವೇ ಮೊದಲ ಅಂಕವನ್ನು ಅಕ್ಕಪಕ್ಕ ಇಟ್ಟು ಓದುತ್ತೇನೆ.